ಮುಲಾಮಿಗೂ ಒಂದು ಅಳತೆ ಇದೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಚಿಕ್ಕ ಮಕ್ಕಳ ಇಸುಬಿನ ಬಗ್ಗೆ ಒಂದು ಬರಹ ಬಂದಿತ್ತು. ಚರ್ಮ ಒಣಗದಂತೆ ನೋಡಿಕೊಳ್ಳಿ, ಮುಲಾಮು ಹಚ್ಚಿ, ವೈದ್ಯರನ್ನು ಕಾಣಿ ಎಂದು ಹೇಳಿ ಅದು ಮುಗಿದಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರನ್ನೂ ಎರಡು ವರ್ಷ ಬಿಡದೆ ಮಾಡಿದ ಮೇಲೂ ನನ್ನ ಮಗಳ ನವೆ ಕಡಿಮೆಯಾಗಿರಲಿಲ್ಲ. ಮುಲಾಮು ಎಷ್ಟು ಹಚ್ಚಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅದಕ್ಕಾಗಿ ಈ ಪತ್ರ.

ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತು ವರ್ಷಗಳಿಂದ ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿದೆ. ಕಾಲು ಇಂಚು ತಪ್ಪಿದರೆ ತೋಳು ಕೂರುವುದಿಲ್ಲ ಎಂದು ಗೊತ್ತಿದ್ದವಳು, ಮಗಳ ಔಷಧಿಯ ವಿಷಯದಲ್ಲಿ ಮಾತ್ರ ‘ಸ್ವಲ್ಪ ಹಚ್ಚಿ’ ಎಂಬ ಮಾತನ್ನು ಕೇಳಿಕೊಂಡು ಮನೆಗೆ ಬಂದೆ. ಸ್ವಲ್ಪ ಎಂದರೆ ನನ್ನ ಲೆಕ್ಕದಲ್ಲಿ ಬೆರಳ ತುದಿಗೆ ಅಂಟುವಷ್ಟು. ಅಷ್ಟನ್ನೇ ಎರಡೂ ಮೊಣಕೈ ಮಡಿಕೆಗೆ, ಎರಡೂ ಮಂಡಿಯ ಹಿಂಭಾಗಕ್ಕೆ, ಕತ್ತಿಗೆ ಎಳೆದೆಳೆದು ಸವರುತ್ತಿದ್ದೆ. ಹೊಸ ಟ್ಯೂಬ್ ತೆರೆದ ದಿನ ಅದರ ಮೇಲೆ ತಾರೀಖು ಬರೆದಿಡುವುದು ನನ್ನ ಅಭ್ಯಾಸ. ಮಗಳಿಗೆ ಮೂರೂವರೆ ವರ್ಷವಾದಾಗ ಕಂಡ ಹೊಸ ವೈದ್ಯೆ ಆ ತಾರೀಖನ್ನು ನೋಡಿದರು. 50 ಗ್ರಾಂ ತೇವಕಾರಕ, ಅಂದರೆ ಚರ್ಮ ಒಣಗದಂತೆ ಹಚ್ಚುವ ಮುಲಾಮು, ಎರಡು ತಿಂಗಳಾದರೂ ಅರ್ಧ ಉಳಿದಿತ್ತು. ಟ್ಯೂಬನ್ನು ಮೇಜಿನ ಮೇಲೆ ಇಟ್ಟು, ‘ಇದು ಒಂದು ವಾರಕ್ಕೂ ಸಾಲಬಾರದಿತ್ತಮ್ಮ’ ಎಂದರು. ಬೈಗುಳದ ದನಿಯಲ್ಲ, ಬಹಳ ಮೆಲ್ಲನೆಯ ದನಿ. ನನ್ನ ಕಣ್ಣು ತುಂಬಿಬಂತು.

ಮೈಯೆಲ್ಲ ಒಣಗುವ ಇಸುಬಿನ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ತೇವಕಾರಕ ಬೇಕಾಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆಯಂತೆ. ಸೌಮ್ಯ ಇಸುಬಿನ ಚಿಕ್ಕ ಮಗುವಿಗೆ ಅದರ ಕೆಳಗಿನ ಅಂಚೇ ಧಾರಾಳವಾಗಬಹುದು. ಅದನ್ನೇ ನನ್ನ ಬಳಕೆಯ ಪಕ್ಕದಲ್ಲಿಟ್ಟು ನೋಡಿದರೆ ನಾನು ಎಲ್ಲಿದ್ದೆ! ‘ಏನು ಹಚ್ಚಿದರೂ ಇವಳಿಗೆ ಹಿಡಿಸುವುದಿಲ್ಲ’ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆ. ನಿಜದಲ್ಲಿ ಆ ಮುಲಾಮು ಅವಳ ಚರ್ಮಕ್ಕೆ ಸರಿಯಾಗಿ ತಲುಪಿಯೇ ಇರಲಿಲ್ಲ.

ಎರಡು ಬಗೆಯ ಮುಲಾಮುಗಳನ್ನು ನಾನು ಒಂದೇ ಎಂದುಕೊಂಡಿದ್ದೆ, ಅದೂ ದೊಡ್ಡ ತಪ್ಪು. ಒಂದು ತೇವಕಾರಕ. ಅದನ್ನು ಪ್ರತಿದಿನ, ನವೆ ಇರಲಿ ಇಲ್ಲದಿರಲಿ, ಮೈತುಂಬ ಧಾರಾಳವಾಗಿ ಹಚ್ಚಬೇಕು. ಇನ್ನೊಂದು ಉರಿ ಆರಿಸುವ, ಸ್ಟಿರಾಯ್ಡ್ ಇರುವ ಔಷಧಿ. ಅದು ಉರಿ ಎದ್ದಿರುವ ಜಾಗಕ್ಕೆ ಮಾತ್ರ, ವೈದ್ಯರು ಹೇಳಿದಷ್ಟು ದಿನ ಮಾತ್ರ. ಇದಕ್ಕೊಂದು ಬೆರಳಿನ ಅಳತೆ ಇದೆ ಎಂದು ತಿಳಿದ ದಿನ ನನಗೆ ಆದ ನೆಮ್ಮದಿಯನ್ನು ಹೇಗೆ ಹೇಳಲಿ! ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಗಳು, ಬೆರಳೂ ಸೇರಿ, ಮುಚ್ಚುವಷ್ಟು ಜಾಗಕ್ಕೆ ಅದು ಸಾಕು. 1991ರಲ್ಲಿ ಇಬ್ಬರು ವೈದ್ಯರು ಈ ಅಳತೆಯನ್ನು ಪ್ರಕಟಿಸಿದರಂತೆ. ಅಂದಿನಿಂದ ಇಂದಿನವರೆಗೆ ಅದು ಇದೆ, ನನ್ನ ಕೈಗೆ ಮಾತ್ರ ಬಂದಿರಲಿಲ್ಲ. ವೈದ್ಯೆ ತಮ್ಮ ಬೆರಳಿನ ಮೇಲೆ ಹಿಂಡಿ ತೋರಿಸಿದರು, ನನ್ನ ಬೆರಳಿನ ಮೇಲೂ ಹಿಂಡಿಸಿದರು. ಆ ಬಿಳಿ ಎಳೆ ನಾನು ಎರಡು ವರ್ಷ ಹಚ್ಚಿದ್ದಕ್ಕಿಂತ ಮೂರು ನಾಲ್ಕು ಪಟ್ಟು ಉದ್ದವಿತ್ತು.

ಸ್ಟಿರಾಯ್ಡ್ ಎಂಬ ಹೆಸರು ಕೇಳಿದರೆ ಸಾಕು, ತಾಯಂದಿರ ಕೈ ನಡುಗುತ್ತದೆ. ನನ್ನ ಕೈಯೂ ನಡುಗಿತ್ತು. ಚರ್ಮ ತೆಳುವಾಗುತ್ತದೆ, ಮಗು ಬೆಳೆಯುವುದಿಲ್ಲ ಎಂದು ಕಂಡವರೆಲ್ಲ ಹೇಳಿದ್ದರು. ಆ ಹೆದರಿಕೆಯಿಂದಲೇ ಎರಡು ದಿನ ಹಚ್ಚಿ ನಿಲ್ಲಿಸುತ್ತಿದ್ದೆ, ನವೆ ಮರಳಿ ಬಂದರೆ ಮತ್ತೆ ಎರಡು ದಿನ. ಉರಿ ಪೂರ್ತಿ ಆರುವ ಮೊದಲೇ ನಿಲ್ಲಿಸಿದ್ದರಿಂದ ಅದು ಒಳಗೊಳಗೇ ಉಳಿದುಕೊಂಡಿತು. ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಔಷಧಿಯನ್ನು 1952ರಿಂದ ಚರ್ಮದ ಮೇಲೆ ಬಳಸುತ್ತಿದ್ದಾರೆ. ಅದನ್ನು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳುವಾಗುವ ಭಯ ಇಟ್ಟುಕೊಳ್ಳಬೇಕಿಲ್ಲ. ಭಯಪಡಬೇಕಾದದ್ದು ಬೇರೆ ಇದೆ. ಯಾರನ್ನೂ ಕೇಳದೆ ತಂದು ಹಚ್ಚುವ, ಕ್ಲೊಬೆಟಸಾಲ್‌ನಂತಹ ಬಲು ತೀಕ್ಷ್ಣ ಸ್ಟಿರಾಯ್ಡ್ ಜೊತೆಗೆ ಶಿಲೀಂಧ್ರದ ಮದ್ದು, ಸೋಂಕಿನ ಮದ್ದು ಎಲ್ಲವನ್ನೂ ಬೆರೆಸಿದ ಮುಲಾಮುಗಳು. ಎರಡೇ ದಿನದಲ್ಲಿ ನವೆ ಮಾಯವಾಗುತ್ತದೆ, ಆದ್ದರಿಂದಲೇ ಅವು ಕೈಯಿಂದ ಕೈಗೆ ದಾಟುತ್ತವೆ. ಮಗುವಿನ ಮುಖಕ್ಕೆ, ಮಡಿಕೆಗಳಿಗೆ ಅಂತಹದನ್ನು ವಾರಗಟ್ಟಲೆ ಹಚ್ಚಿದರೆ ಚರ್ಮ ನಿಜವಾಗಿಯೂ ತೆಳುವಾಗುತ್ತದೆ. ಎರಡೂ ಸ್ಟಿರಾಯ್ಡ್‌ಗಳೇ ಆದರೂ ಅವುಗಳ ಬಲದ ನಡುವೆ ಇರುವುದು ನೂರಾರು ಪಟ್ಟಿನ ಅಂತರ. ಈ ವ್ಯತ್ಯಾಸವನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ.

ಇಸುಬು ಏಕೆ ಬರುತ್ತದೆ ಎಂಬುದನ್ನೂ ಬರೆಯಬೇಕು, ಏಕೆಂದರೆ ಆ ಪ್ರಶ್ನೆಯ ಬಾಣ ಯಾವಾಗಲೂ ತಾಯಿಯ ಕಡೆಗೇ ತಿರುಗುತ್ತದೆ. ಬಸುರಿಯಲ್ಲಿ ಏನು ತಿಂದೆ, ಬಾಣಂತಿಯಲ್ಲಿ ಏನು ತಿಂದೆ ಎಂದು ನನ್ನನ್ನು ಕೇಳದವರಿಲ್ಲ. ನಾನು ಅದನ್ನು ನಂಬಿ ಒಂದೊಂದೇ ಆಹಾರವನ್ನು ಮಗಳಿಗೆ ನಿಲ್ಲಿಸುತ್ತ ಹೋದೆ. ಮಗು ಸೊರಗಿತು, ನವೆ ಇದ್ದ ಹಾಗೆಯೇ ಇತ್ತು. ನಮ್ಮ ಚರ್ಮದ ಹೊರಪದರವನ್ನು ಬಿಗಿಯಾಗಿಡುವ, ಅದರಲ್ಲಿ ನೀರಿನ ಅಂಶವನ್ನು ಹಿಡಿದಿಡಲು ನೆರವಾಗುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ಹುಟ್ಟಿನಿಂದಲೇ ಕೊರತೆ ಇರುವವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಇಸುಬು ಇರುವ ಎಲ್ಲ ಮಕ್ಕಳಲ್ಲೂ ಇದೇ ಕಾರಣ ಎಂದಲ್ಲ, ಆದರೂ ಚರ್ಮದ ಸ್ವಭಾವ ಹಾಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು. ನೇಯ್ಗೆ ಸಡಿಲವಾದ ಬಟ್ಟೆಯನ್ನು ನಾನು ದಿನವೂ ನೋಡುತ್ತೇನೆ. ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಸಂದು ಕಾಣುತ್ತದೆ. ಅಂತಹ ಚರ್ಮದಿಂದ ನೀರು ಹೊರಗೆ ಹೋಗುತ್ತದೆ, ಸೋಪು, ಧೂಳು, ಬೆವರು ಒಳಗೆ ಹೋಗಿ ಚುಚ್ಚುತ್ತವೆ. ತೇವಕಾರಕ ಆ ಸಂದನ್ನು ಮುಚ್ಚುತ್ತದೆ, ಅಷ್ಟೇ. ನೇಯ್ಗೆಯನ್ನು ಅದು ಬದಲಿಸುವುದಿಲ್ಲ, ಆದ್ದರಿಂದ ವಾಸಿಯಾಯಿತು ಎಂದು ನಿಲ್ಲಿಸಿದರೆ ಸಂದು ಮತ್ತೆ ತೆರೆದುಕೊಳ್ಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನನ್ನ ಮಗಳ ಕೈ ಹಿಡಿದು ಆಡಲು ತಮ್ಮ ಮಕ್ಕಳನ್ನು ಬಿಡದವರು ಇದನ್ನು ಓದಲಿ ಎಂದು ಬಯಸುತ್ತೇನೆ.

ಆಹಾರದ ಮಾತು ಪೂರ್ತಿ ಸುಳ್ಳು ಎನ್ನುವುದಿಲ್ಲ. ಏನಾದರೂ ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಆದರೆ ಸೌಮ್ಯ ಇಸುಬಿಗೆ ಊಹೆಯ ಮೇಲೆ ಪಥ್ಯ ಮಾಡಿಸಿ ಬೆಳೆಯುವ ಮಗುವನ್ನು ಹಸಿವಿನಲ್ಲಿಡಬಾರದು.

ಸ್ನಾನದ ವಿಷಯದಲ್ಲಿ ನಾನು ಕಲಿತದ್ದು ಚಿಕ್ಕದು. ನೀರು ಉಗುರುಬೆಚ್ಚಗಿರಬೇಕು, ಐದು ಹತ್ತು ನಿಮಿಷದಲ್ಲಿ ಮುಗಿಯಬೇಕು, ಪರಿಮಳದ ಸೋಪು ಬೇಡ. ಸ್ನಾನದ ನೀರಿಗೆ ಬೆರೆಸುವ ದ್ರವಗಳನ್ನು ನಾನು ಬಹಳ ಆಸೆಯಿಂದ ಕೊಂಡಿದ್ದೆ. ಅವುಗಳಿಂದ ಹೇಳಿಕೊಳ್ಳುವಂತಹ ಹೆಚ್ಚುವರಿ ಪ್ರಯೋಜನ ಇಲ್ಲ ಎಂದು ಬ್ರಿಟನ್ನಿನಲ್ಲಿ 482 ಮಕ್ಕಳ ಮೇಲೆ ನಡೆದ ಅಧ್ಯಯನ 2018ರಲ್ಲಿ ತೋರಿಸಿತ್ತಂತೆ, ಆಮೇಲೆ ತಿಳಿಯಿತು. ಟವೆಲ್ಲಿನಿಂದ ಉಜ್ಜಬಾರದು, ಒತ್ತಿ ಒತ್ತಿ ನೀರು ತೆಗೆಯಬೇಕು. ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ ತೇವಕಾರಕ ಹಚ್ಚಬೇಕು. ಹಚ್ಚುವುದಕ್ಕೂ ದಿಕ್ಕಿದೆ. ಮಖಮಲ್ಲಿನ ಮೇಲೆ ಕೈಯಾಡಿಸಿದವರಿಗೆ ಇದು ಹೇಳಬೇಕಿಲ್ಲ, ಒಂದು ಕಡೆಗೆ ಸವರಿದರೆ ಮಲಗುತ್ತದೆ, ಎದುರು ಸವರಿದರೆ ಏಳುತ್ತದೆ. ಮೈಮೇಲಿನ ನವಿರು ಕೂದಲು ಮಲಗುವ ದಿಕ್ಕಿನಲ್ಲೇ ಕೆಳಮುಖವಾಗಿ ಸವರಬೇಕು. ಎದುರು ಉಜ್ಜಿದರೆ ರೋಮದ ಬುಡಗಳಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ನನ್ನ ಮಗಳ ತೊಡೆಯ ಮೇಲೆ ಎದ್ದಿದ್ದವು. ತೇವಕಾರಕಕ್ಕೂ ಸ್ಟಿರಾಯ್ಡ್ ಮುಲಾಮಿಗೂ ನಡುವೆ ಇಪ್ಪತ್ತು ನಿಮಿಷವಾದರೂ ಬಿಡುತ್ತೇನೆ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತೆಳುವಾಗಿಸಿ ಬೇಡದ ಕಡೆಗೆ ಹರಡುತ್ತದೆ.

ಯಾವ ತೇವಕಾರಕ ಒಳ್ಳೆಯದು ಎಂದು ಬಟ್ಟೆ ಹೊಲಿಸಲು ಬರುವ ತಾಯಂದಿರು ನನ್ನನ್ನು ಕೇಳುತ್ತಾರೆ. ಲೋಷನ್, ಕ್ರೀಮ್, ಜೆಲ್, ಜಿಡ್ಡಿನ ಮುಲಾಮು ಈ ನಾಲ್ಕನ್ನೂ 550 ಮಕ್ಕಳಲ್ಲಿ ಹೋಲಿಸಿ ನೋಡಿದ ಇನ್ನೊಂದು ಬ್ರಿಟಿಷ್ ಅಧ್ಯಯನ 2022ರಲ್ಲಿ ಬಂದಿದೆ. ಒಂದು ಇನ್ನೊಂದಕ್ಕಿಂತ ಮೇಲು ಎಂದು ಅದರಲ್ಲಿ ಕಂಡುಬರಲಿಲ್ಲ. ಮಗು ಯಾವುದನ್ನು ಹಚ್ಚಿಸಿಕೊಳ್ಳುತ್ತದೋ ಅದೇ ಆ ಮಗುವಿಗೆ ಒಳ್ಳೆಯದು. ನನ್ನ ಮಗಳು ಜಿಡ್ಡಿನದನ್ನು ಕಂಡರೆ ಓಡುತ್ತಿದ್ದಳು, ಈಗ ಕ್ರೀಮಿಗೆ ತಾನೇ ಕಾಲು ಚಾಚುತ್ತಾಳೆ. ಬಟ್ಟೆಯವಳಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಮುಲಾಮು ಹೀರಿಕೊಂಡ ಬಟ್ಟೆ, ಹೊದಿಕೆ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ, ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ. ಅಂತಹ ಬಟ್ಟೆ ತೊಟ್ಟ ಮಗುವನ್ನು ಉರಿಯುವ ಬೆಂಕಿಯ ಹತ್ತಿರ ಬಿಡಬೇಡಿ.

ಉಡುಪಿನ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಗಳ ಅಂಗಿಗಳ ಕತ್ತಿನ ಚೀಟಿಗಳನ್ನು ಬಿಚ್ಚಿ ತೆಗೆದಿದ್ದೇನೆ, ರಾತ್ರಿಯ ಅಂಗಿಗೆ ಹೊಲಿಗೆಯ ಅಂಚು ಹೊರಗೆ ಬರುವಂತೆ ಹೊಲಿದಿದ್ದೇನೆ, ಉಣ್ಣೆ ಮೈಗೆ ತಾಗದಂತೆ ಒಳಗೆ ಹತ್ತಿಯ ಅಂಗಿ ಹಾಕುತ್ತೇನೆ. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಕೇಳುವ ಆ ಸದ್ದನ್ನು ಇಸುಬಿನ ಮಕ್ಕಳ ತಾಯಂದಿರು ಬಲ್ಲರು. ಒಣ ಚರ್ಮದ ಮೇಲೆ ಉಗುರು ಓಡುವ ಸದ್ದು, ಕತ್ತರಿ ದಪ್ಪ ಬಟ್ಟೆಯಲ್ಲಿ ಸಾಗುವ ಹಾಗೆ. ಕೈ ಹಿಡಿದರೆ ನಿದ್ದೆಯಲ್ಲೇ ಬಿಡಿಸಿಕೊಂಡು ಮತ್ತೆ ತುರಿಸುತ್ತಾಳೆ. ತುರಿಸಬೇಡ ಎಂದು ಗದರಿಸುವುದು ಅನ್ಯಾಯ. ಕೋಣೆ ತಂಪಾಗಿರಲಿ, ಉಗುರು ಗಿಡ್ಡವಾಗಿರಲಿ, ಮಲಗುವ ಮುನ್ನ ಇನ್ನೊಮ್ಮೆ ತೇವಕಾರಕ ಹಚ್ಚಿ.

ಈಗ ಒಂದು ಮುಖ್ಯ ಮಾತು. ಇಸುಬು ಎಂದರೆ ಕೆಂಪು ಗುರುತು ಎಂದು ಎಲ್ಲ ಕಡೆ ಬರೆದಿರುತ್ತಾರೆ. ನಿಮ್ಮ ಪುಟದ ಚಿತ್ರದಲ್ಲೂ ಬಿಳಿಯ ಮಗುವಿನ ಕೆನ್ನೆಯ ಮೇಲೆ ಕೆಂಪು ಮಚ್ಚೆ ಇತ್ತು. ನನ್ನ ಮಗಳ ಮೈಬಣ್ಣ ಗಾಢ ಕಂದು. ಅವಳ ಚರ್ಮದಲ್ಲಿ ಕೆಂಪು ಕಾಣುವುದೇ ಇಲ್ಲ. ಉರಿ ಎದ್ದ ಜಾಗ ಇನ್ನಷ್ಟು ಕಪ್ಪಾಗುತ್ತದೆ, ಇಲ್ಲವೇ ಬೂದಿ ಬಳಿದಂತೆ ಕಾಣುತ್ತದೆ. ಕೆಂಪಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಸುಮ್ಮನಿದ್ದೆ. ಈಗ ಕಣ್ಣನ್ನು ನಂಬುವುದಿಲ್ಲ, ಕೈಯನ್ನು ನಂಬುತ್ತೇನೆ. ಬೆಳಿಗ್ಗೆ ಅವಳ ಮೊಣಕೈ ಮಡಿಕೆಯ ಮೇಲೆ ಬೆರಳ ಹಿಂಬದಿಯನ್ನು ಆಡಿಸುತ್ತೇನೆ. ಮಲ್ಲು ಬಟ್ಟೆಯ ಹಾಗೆ ಜಾರಿದರೆ ಸರಿ. ಕ್ಯಾನ್ವಾಸಿನ ಹಾಗೆ ತಡೆದರೆ, ಬಿಸಿ ಎನಿಸಿದರೆ, ಕಣ್ಣಿಗೆ ಏನೂ ಕಾಣದಿದ್ದರೂ ಉರಿ ಶುರುವಾಗಿದೆ ಎಂದು ಅರ್ಥ. ಔಷಧಿ ಯಾವಾಗ ನಿಲ್ಲಿಸಬೇಕು ಎಂಬುದೂ ಹೀಗೆಯೇ ತಿಳಿಯುತ್ತದೆ. ಬಣ್ಣ ಮರಳುವವರೆಗೆ ಹಚ್ಚುತ್ತಾ ಕೂರಬಾರದು, ಉರಿ ಆರಿದ ಮೇಲೂ ಕಪ್ಪು ಅಥವಾ ಬಿಳಿಚಿದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಆ ಬಿಳಿಚಿದ ಗುರುತನ್ನು ತೊನ್ನು ಎಂದು ತಿಳಿದು ನಾನು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಅದು ತೊನ್ನಲ್ಲ, ನಿಧಾನವಾಗಿ ಮೈಬಣ್ಣಕ್ಕೆ ಮರಳುತ್ತದೆ. ಮರಳಿದೆ.

ತಲೆಯ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಮಗಳ ಕಥೆ ಶುರುವಾದದ್ದೇ ನೆತ್ತಿಯಿಂದ. ಹುಟ್ಟಿದ ಆರನೆಯ ವಾರಕ್ಕೆ ನೆತ್ತಿಯ ಮೇಲೆ ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಪೊರೆ ಕಟ್ಟಿತು. ಕೊಳೆ ಎಂದುಕೊಂಡು ಉಗುರಿನಿಂದ ಎಬ್ಬಿಸಿದೆ. ಕೆಳಗಿನ ಎಳೆ ಚರ್ಮ ಕಿತ್ತು ರಕ್ತ ಒಸರಿತು. ಆ ಪುಟ್ಟ ತಲೆಯ ಮೇಲೆ ನನ್ನ ಉಗುರಿನ ಗುರುತು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊಸ ತಾಯಂದಿರೇ, ಅದನ್ನು ಎಬ್ಬಿಸಬೇಡಿ. ಅದು ಕೊಳೆಯಲ್ಲ, ಮಗುವಿಗೆ ಸಾಮಾನ್ಯವಾಗಿ ನವೆಯೂ ಇರುವುದಿಲ್ಲ, ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಬಿಡಿಸಲೇಬೇಕಿದ್ದರೆ ಪರಿಮಳವಿಲ್ಲದ ತೇವಕಾರಕದಿಂದ ಮೆತ್ತಗಾಗಿಸಿ, ಮೃದುವಾದ ಬ್ರಷ್ಷಿನಿಂದ ಹಗುರವಾಗಿ ಸವರಿ, ಮಗುವಿನ ಶಾಂಪೂವಿನಿಂದ ತೊಳೆದರಾಯಿತು. ಆಲಿವ್ ಎಣ್ಣೆ ಒಳ್ಳೆಯದೆಂದು ನನಗೆ ಹೇಳಿದ್ದರು. ಅದರಲ್ಲಿ ಹೇರಳವಾಗಿರುವ ಒಲೀಕ್ ಆಮ್ಲ ಚರ್ಮದ ಹೊರಪದರವನ್ನು ಸಡಿಲಿಸುತ್ತದೆ, ಈ ಪೊರೆಗೆ ಸಂಬಂಧಿಸಿದ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೂ ಅದು ಮೇವಾಗುತ್ತದೆ.

ನಾಲ್ಕನೆಯ ವರ್ಷದಲ್ಲಿ ತಲೆ ಮತ್ತೆ ಒಣಗಿತು. ಈ ಬಾರಿ ಜಿಡ್ಡಿರಲಿಲ್ಲ, ಸಣ್ಣ ಬಿಳಿ ಹೊಟ್ಟು ಭುಜದ ಮೇಲೆ ಉದುರುತ್ತಿತ್ತು. ಕಾರಣ ನಾನೇ. ಹೊಟ್ಟು ಕಂಡಷ್ಟೂ ಹೆಚ್ಚು ತೊಳೆಯುತ್ತಿದ್ದೆ, ದಿನವೂ ಶಾಂಪೂ ಹಾಕುತ್ತಿದ್ದೆ. ತೊಳೆದಷ್ಟೂ ನೆತ್ತಿ ಒಣಗಿತು, ಒಣಗಿದಷ್ಟೂ ಹೊಟ್ಟು ಬಂತು. ಈಗ ವಾರಕ್ಕೆ ಎರಡು ಸಲ ಮಾತ್ರ ಪರಿಮಳವಿಲ್ಲದ ಶಾಂಪೂ, ಅದೂ ಸ್ನಾನದ ಕೊನೆಯಲ್ಲಿ, ತಲೆ ಹಿಂದಕ್ಕೆ ಬಾಗಿಸಿ, ನೊರೆ ಕತ್ತಿನ ಮೇಲೆ, ಬೆನ್ನಿನ ಮೇಲೆ ಇಳಿಯದಂತೆ. ಕತ್ತಿನ ಇಸುಬು ಏಕೆ ಹೋಗುತ್ತಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆನಲ್ಲ, ಆ ನೊರೆ ಇಳಿಯುವುದು ನಿಂತ ಮೂರನೆಯ ವಾರಕ್ಕೆ ಅದು ತಗ್ಗಿತು. ತೇವಕಾರಕವನ್ನು ಕೂದಲಿನ ಮೇಲೆ ಸವರಿದರೆ ನೆತ್ತಿಗೆ ತಲುಪುವುದಿಲ್ಲ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವ ಹಾಗೆ ಬಾಚಣಿಗೆಯ ತುದಿಯಿಂದ ಒಂದೊಂದೇ ಬೈತಲೆ ತೆಗೆದು, ಆ ಗೆರೆಯ ಉದ್ದಕ್ಕೂ ತೆಳುವಾದ ಲೋಷನ್ ಇಟ್ಟು, ಒಂದು ಬೆರಳು ಅಗಲ ಬಿಟ್ಟು ಮುಂದಿನ ಬೈತಲೆಗೆ ಹೋಗುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಗುಂಡಿಗಳ ಡಬ್ಬಿಯಿಂದ ಬಣ್ಣ ಬಣ್ಣದ ಗುಂಡಿ ಆರಿಸುತ್ತಾಳೆ.

ತಲೆಯ ಮೇಲೆ ಉದುರುವುದೆಲ್ಲ ಒಣ ನೆತ್ತಿಯಲ್ಲ. ಬಟ್ಟೆ ಹೊಲಿಸಲು ಬಂದ ಒಬ್ಬ ತಾಯಿ ತನ್ನ ಆರು ವರ್ಷದ ಮಗನ ತಲೆಗೆ ನನ್ನಂತೆಯೇ ಲೋಷನ್ ಹಚ್ಚಿಕೊಂಡಿದ್ದಳು. ಅಳತೆ ತೆಗೆಯಲು ಬಾಗಿದಾಗ ನೋಡಿದೆ, ಕಿವಿಯ ಮೇಲೆ ದುಂಡಗೆ ಒಂದು ಜಾಗದಲ್ಲಿ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿಗಳಂತೆ ಉಳಿದಿತ್ತು, ಕತ್ತಿನ ಹಿಂದೆ ಸಣ್ಣ ಗಂಟು ಕೈಗೆ ಸಿಗುತ್ತಿತ್ತು. ಅದು ಹುಳುಕಡ್ಡಿ ಎಂದು ವೈದ್ಯರು ಹೇಳಿದರಂತೆ. ನೆತ್ತಿಯ ಹುಳುಕಡ್ಡಿ ಹಚ್ಚುವ ಮುಲಾಮಿನಿಂದಷ್ಟೇ ಹೋಗುವುದಿಲ್ಲ, ವಾರಗಟ್ಟಲೆ ಹೊಟ್ಟೆಗೆ ಔಷಧಿ ಕೊಡಬೇಕು, ಅದು ಇತರ ಮಕ್ಕಳಿಗೂ ಅಂಟುತ್ತದೆ. ಬಿಳಿಯ ಕಣ ಕೂದಲಿಗೆ ಕಚ್ಚಿಕೊಂಡು ಬೆರಳಿಗೆ ಜಾರದಿದ್ದರೆ ಅದು ಹೊಟ್ಟಲ್ಲ, ಸೀರು. ಹೊಟ್ಟು ಊದಿದರೆ ಹಾರುತ್ತದೆ.

ತಡಮಾಡಬಾರದ ಸಂದರ್ಭಗಳೂ ಇವೆ. ಇಸುಬಿನ ಜಾಗದಲ್ಲಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿ ಒಸರತೊಡಗಿದರೆ ಸೋಂಕಾಗಿರಬಹುದು, ಬೇಗ ತೋರಿಸಬೇಕು. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಗುಳಿ ಬಿದ್ದಂತಾಗಿ, ನೋವು, ಜ್ವರ ಇದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ಕಣ್ಣಿನ ಹತ್ತಿರವಿದ್ದರೆ ಒಂದು ಗಳಿಗೆಯೂ ಕಾಯಬಾರದು.

ಮಗಳಿಗೆ ಈಗ ಐದು ವರ್ಷ. ಇಸುಬು ಹೋಗಿದೆ ಎಂದು ಹೇಳಲಾರೆ. ಎರಡು ಮೂರು ತಿಂಗಳಿಗೊಮ್ಮೆ ಮಂಡಿಯ ಹಿಂದೆ ತಲೆಯೆತ್ತುತ್ತದೆ, ಅಳತೆಯಂತೆ ಹಚ್ಚಿದರೆ ನಾಲ್ಕೈದು ದಿನದಲ್ಲಿ ಆರುತ್ತದೆ. ರಾತ್ರಿ ಅವಳು ಮಲಗುತ್ತಾಳೆ, ನಾನೂ ಮಲಗುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಮುಂದಿನ ಸಲ ಈ ವಿಷಯ ಬರೆಯಿಸುವಾಗ ಒಂದು ಚಿತ್ರ ಹಾಕಿ. ದೊಡ್ಡವರ ತೋರುಬೆರಳು, ಅದರ ಮೇಲೆ ಗೆರೆಯಿಂದ ತುದಿಯವರೆಗೆ ಮುಲಾಮಿನ ಒಂದು ಎಳೆ, ಪಕ್ಕದಲ್ಲಿ ಎರಡು ಅಂಗೈ. ಚಿತ್ರ ನಿಜವಾದ ಬೆರಳಿನಷ್ಟೇ ದೊಡ್ಡದಿರಲಿ, ಚಿಕ್ಕದು ಮಾಡಬೇಡಿ. ಕಂದು ಬಣ್ಣದ ಬೆರಳಾಗಿರಲಿ. ಕತ್ತರಿಸಿ ಬಚ್ಚಲುಮನೆಯ ಬಾಗಿಲಿಗೆ ಅಂಟಿಸಲು ಬರುವಂತೆ ಸುತ್ತ ಚುಕ್ಕಿ ಗೆರೆ ಎಳೆಯಿರಿ. ಅದನ್ನು ಕತ್ತರಿಸಿ ನನ್ನಲ್ಲಿಗೆ ಬರುವ ಪ್ರತಿ ತಾಯಿಯ ಕೈಗೂ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹೊಲಿಗೆ ಕೆಲಸದ ಒಬ್ಬ ತಾಯಿ